ಇಪ್ಪತ್ತು ನಿಮಿಷದ ಪರೀಕ್ಷೆ

ಚಿಕ್ಕಮ್ಮನೇ ಫೋನ್ ಮಾಡಿದ್ದಳು. ಚಿಕ್ಕಪ್ಪನ ಕಂಪ್ಯೂಟರ್ ದಿನಾ ಬೆಳಿಗ್ಗೆ ಆನ್ ಮಾಡಿದ ಕೂಡಲೇ ತನ್ನ ಡಿಸ್ಕನ್ನು ತಾನೇ ಪರೀಕ್ಷಿಸಲು ಶುರುಮಾಡುತ್ತದೆ, ಇಪ್ಪತ್ತು ನಿಮಿಷ ಕೈಗೇ ಸಿಗುವುದಿಲ್ಲ, ಪಾಪ ಅವರ ಕೆಲಸ ಹಾಳು, ಬಂದು ನೋಡು ಎಂದಳು. ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ನೆಂಟರ ಮನೆಯದ್ದು ಪುಕ್ಕಟೆ. ಗೊಣಗುತ್ತಲೇ ಹೋದೆ.

ಚಿಕ್ಕಪ್ಪ ಮನೆಗಳ ನಕ್ಷೆ ಬರೆಯುವವರು. ಮುಂದಿನ ಕೋಣೆಯಲ್ಲಿ ಪರದೆಯ ಮುಂದೆ ಕೂತರೆಂದರೆ ಸಂಜೆಯವರೆಗೆ ಅವರಿಗೆ ಲೋಕದ ಪರಿವೆಯಿಲ್ಲ.

ಚಿಕ್ಕಮ್ಮ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. "ಬೇಗ ಸರಿ ಮಾಡ್ಕೊಡೇ," ಎಂದವಳು ದನಿ ತಗ್ಗಿಸಿದಳು. "ಎರಡು ತಿಂಗಳಿಂದ ಅದು ಚೆಕ್ ಆಗೋ ತನಕ ಇಲ್ಲೇ ಬಂದು ಕೂತ್ಕೋತಾರೆ. ಅರ್ಧ ಬಟಾಣಿ ಬಾಯಿಗೆ ಹಾಕ್ಕೊಂಡ್ರೂ ನಾಲ್ಕು ಮಾತಾಡ್ತಾರೆ. ಇನ್ನು ಅದೂ ಇಲ್ಲ ಬಿಡು." ನಕ್ಕಳು, ಆದರೆ ಮುಖ ಸಪ್ಪಗಿತ್ತು.

ಕಂಪ್ಯೂಟರ್ ಆನ್, ಆಫ್ ಆದ ದಾಖಲೆ ತೆರೆದು ನೋಡಿದೆ. ಎರಡು ತಿಂಗಳಿಂದ ಒಂದು ಸಂಜೆಯೂ ಅದನ್ನು ಸರಿಯಾಗಿ ಮುಚ್ಚಿಲ್ಲ. ಗೋಡೆಯ ಸ್ವಿಚ್ಚು ಆರಿಸಿಯೇ ಕತ್ತು ಹಿಸುಕಿದ್ದಾರೆ. ಹಾಗೆ ಮಾಡಿದರೆ ಮರುದಿನ ಅದು ಪರೀಕ್ಷೆ ಮಾಡದೆ ಇನ್ನೇನು ಮಾಡೀತು? ನಕ್ಷೆಯ ಗೆರೆ ಕೂದಲೆಳೆಯಷ್ಟು ಸರಿದರೂ ಸಹಿಸದ ಮನುಷ್ಯ ಇವರು!

"ಚಿಕ್ಕಪ್ಪಾ, ಡಿಸ್ಕ್ ಕೆಟ್ರೆ ಇಷ್ಟು ವರ್ಷದ ನಕ್ಷೆಗಳೆಲ್ಲ ಹೋಗ್ತವೆ. ಗೊತ್ತಿಲ್ವಾ ನಿಮಗೆ?" ರೇಗಿದೆ.

"ಗೊತ್ತು. ಮೆಲ್ಲಗೆ ಮಾತಾಡು." ಅಡುಗೆಮನೆಯತ್ತ ನೋಡಿದರು. "ಮೊದಲ ಸಲ ಕರೆಂಟೇ ಹೋಗಿತ್ತು. ಆಮೇಲೆ... ನಾನೇ."

"ಅದಕ್ಕೆ ಡಿಸ್ಕಿನ ಪ್ರಾಣ ತೆಗೀಬೇಕಾ? ಎದ್ದು ಹೋಗಿ ಚಿಕ್ಕಮ್ಮನ ಪಕ್ಕದಲ್ಲಿ ಕೂತ್ರೆ ಆಗಲ್ವಾ?"

"ಸುಮ್ ಸುಮ್ನೆ ಹೋಗಿ ಕೂತ್ರೆ ಏನಂದ್ಕೋತಾಳೆ?"

ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸು ಕಿವಿಯವರೆಗೆ ಕೆಂಪಾದರು.

ನಕ್ಷೆಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟೆ. ಇದ್ದ ದೋಷಗಳನ್ನು ಸರಿಪಡಿಸಿ, ಕ್ರಮವಾಗಿ ಮುಚ್ಚಿ, ಮತ್ತೆ ಆನ್ ಮಾಡಿದೆ. ಪರೀಕ್ಷೆ ಬರಲಿಲ್ಲ. ಕೆಲಸಕ್ಕೆ ಸಿದ್ಧವಾದ ಕಂಪ್ಯೂಟರ್ ತನ್ನ ಸ್ವಾಗತದ ರಾಗವನ್ನು ಇಡೀ ಮನೆಗೆ ಕೇಳುವಂತೆ ನುಡಿಸಿತು. ಒಳಗೆ ಬಟಾಣಿ ಸುಲಿಯುವ ಸದ್ದು ನಿಂತಿತು.

ಚಿಕ್ಕಪ್ಪ ಪರದೆ ನೋಡಿದರು, ನನ್ನನ್ನು ನೋಡಿದರು. ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

"ಇನ್ನೂ ಚೆಕ್ ಆಗ್ತಾನೇ ಇದೆ ಕಣೇ."

"ಹೌದಾ?" ಚಿಕ್ಕಮ್ಮ ಸ್ಟೂಲು ಎಳೆದದ್ದು ಕೇಳಿಸಿತು. "ಬನ್ನಿ, ಕೂತ್ಕೊಳ್ಳಿ. ಇವತ್ತು ಅದಕ್ಕೆ ಇಪ್ಪತ್ತು ನಿಮಿಷ ಸಾಲದೇನೋ."