ಕ್ಯಾಪ್ಟನ್ ಕ್ಷಮಿಸಿದ ಒಲೆಯವನು

"ಇಳಿಸ್ರಪ್ಪ, ಇಳಿಸಿ! ಈಗಲೇ ಹೊರಡೋ ಹಾಗಿಲ್ಲ!"

ನಾಲ್ವರ ಹೆಗಲೇರಿದ್ದ ಶವಪೆಟ್ಟಿಗೆ ಅಂಗಳದ ನಡುವೆಯೇ ತೂಗಾಡಿ ನಿಂತಿತು. ಕೂಗಿದವನು ಇಗರ್ಜಿಯ ಗಂಟೆ ಬಾರಿಸುವವನು. ಬೇಲಿಯ ಬಾಗಿಲು ಹಿಡಿದು ಏದುಸಿರು ಬಿಡುತ್ತಿದ್ದ.

"ಯಾಕಂತೆ?" ಮುಂದಿನ ಹೆಗಲು ಕೊಟ್ಟಿದ್ದ ಸಿಸೋಯ್ ಕೇಳಿದ.

"ಕ್ಯಾಪ್ಟನ್ ದೊರೆಗಳು ಕೊಸ್ತ್ರೊಮಾದಿಂದ ಹೊರಟಿದ್ದಾರಂತೆ. ತಮ್ಮ ಹಡಗಿನ ಆಳು ಸತ್ತಿದ್ದಾನೆ, ಗೋರಿ ಹತ್ರ ನಾಲ್ಕು ಮಾತಾಡಬೇಕು ಅಂತ ತಂತಿ ಬಂದಿದೆ. ಅವರು ಬರೋವರೆಗೂ ಕಾಯಿರಿ ಅಂದ್ರು ಪಾದ್ರಿಗಳು."

"ಯಾವ ಕ್ಯಾಪ್ಟನ್ನು, ಆ ಲ್ಯಾಪೊಲೊವ್ ಏನು?" ಹೆಗಲ ಮೇಲೆ ಹೆಣವಿದ್ದುದರಿಂದ ಸಿಸೋಯ್ ಉಗುಳಲಿಲ್ಲ. ಪೆಟ್ಟಿಗೆಯನ್ನು ಎರಡು ಮಣೆಗಳ ಮೇಲಿಳಿಸಿದ ಮೇಲೆ ಪಕ್ಕಕ್ಕೆ ಹೋಗಿ ಉಗುಳಿ ಬಂದ.

ಏಪ್ರಿಲ್ ತಿಂಗಳು. ವೋಲ್ಗಾದ ಮಂಜುಗಡ್ಡೆ ಒಡೆದು ಉಗಿದೋಣಿಗಳು ಆಗತಾನೆ ಓಡಾಡತೊಡಗಿದ್ದವು. ಅಂಗಳವೆಲ್ಲ ಕೆಸರು. ತೆರೆದ ಪೆಟ್ಟಿಗೆಯಲ್ಲಿ ತೆರೆಂತಿ ಹಣೆಗೆ ಪ್ರಾರ್ಥನೆ ಬರೆದ ಕಾಗದದ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ. ನಲವತ್ತು ದಾಟಿ ಹೆಚ್ಚು ದಿನವಾಗಿರಲಿಲ್ಲ. ಜಪಾನಿನ ಯುದ್ಧದಿಂದ ಮರಳಿ ಬಂದಾಗಿನಿಂದ ಕಿನೇಶ್ಮಾದ ಸಾರ್ವಜನಿಕ ಸ್ನಾನದ ಮನೆಯ ಒಲೆ ಅವನ ಕೈಯಲ್ಲಿತ್ತು. ಅಂಗಳದಲ್ಲಿ ಸೇರಿದ್ದವರೆಲ್ಲ ಶನಿವಾರ ಶನಿವಾರ ಅವನು ಕಾಯಿಸಿದ ನೀರಲ್ಲಿ ಮಿಂದವರೇ. ಒಳಗೆ ಹಬೆಯಲ್ಲಿ ಕೂತವರಿಗೆ ಗೋಡೆಯಾಚೆಯಿಂದ ಅವನ ಕೆಮ್ಮು ಕೇಳುತ್ತಿತ್ತು. ಕೆಮ್ಮು ಕೇಳಿದರೆ ಬಿಸಿನೀರಿಗೆ ಮೋಸವಿಲ್ಲ ಎಂದು ಲೆಕ್ಕ.

ಅವನ ಹೆಂಡತಿ ಫೆಕ್ಲಾ ತಲೆವಸ್ತ್ರ ಸರಿಮಾಡಿಕೊಂಡು ಪೆಟ್ಟಿಗೆಯ ಪಕ್ಕ ನಿಂತಳು. ಅಳು ಬೆಳಗ್ಗೆಯೇ ಮುಗಿದಿತ್ತು.

"ಅತ್ತಿಗೆ, ನೀವು ಹೂಂ ಅಂದ್ರೆ ಈಗಲೇ ಎತ್ತುತೀವಿ. ಆ ಮನುಷ್ಯನಿಗೆ ಕಾಯೋದಾ?" ಎಂದ ಸಿಸೋಯ್.

"ಬರಲಿ ಬಿಡು. ಇವರು ಬದುಕಿದ್ದಾಗ ಆ ಮನುಷ್ಯ ತನ್ನ ಪರ ಸಾಕ್ಷಿ ಹೇಳು ಅಂತ ಮೂರು ಸಲ ಆಳು ಕಳಿಸಿದ್ದ. ತಾನು ಒಂದ್ಸಲವೂ ಬರಲಿಲ್ಲ. ಮುಖ ಹೇಗಿದೆ ಅಂತ ನಾನೂ ನೋಡಬೇಕು."

*

ಜಪಾನಿನ ಯುದ್ಧಕ್ಕೆಂದು ತೆರೆಂತಿ, ಸಿಸೋಯ್ ಲಿಬಾವಾ ಬಂದರು ಬಿಟ್ಟದ್ದು ಒಂದು ಶರತ್ಕಾಲದಲ್ಲಿ. ಹಡಗಿನ ಹೆಸರು 'ವಿಜಯಿ'. ಲಂಗರು ಎತ್ತುವ ಹೊತ್ತಿಗೂ ಅದರ ಬಣ್ಣ ಆರಿರಲಿಲ್ಲ, ಬಡಗಿಗಳು ಒಳಗೆ ಮೊಳೆ ಹೊಡೆಯುತ್ತಲೇ ಇದ್ದರು. ಒಲೆಗಳ ಕೆಲಸಕ್ಕೆ ಹಾಕಿದವರಲ್ಲಿ ಅರ್ಧದಷ್ಟು ಜನ ವೋಲ್ಗಾಕ್ಕಿಂತ ದೊಡ್ಡ ನೀರನ್ನು ಕಂಡೇ ಇರಲಿಲ್ಲ. ತೆರೆಂತಿ ಇಟ್ಟಿಗೆಗೂಡಿನಲ್ಲಿ ದುಡಿದವನಾದ್ದರಿಂದ ಬೆಂಕಿಯ ಬುದ್ಧಿ ಬಲ್ಲವನು. ಕ್ಯಾಪ್ಟನ್ ಲ್ಯಾಪೊಲೊವ್ ಜೊತೆಗೆ ಒಂದು ಪಿಯಾನೊ, ಒಂದು ಕರೆಯುವ ಹಸು, ಷಾಂಪೇನಿನ ಪೆಟ್ಟಿಗೆಗಳು ಹಡಗೇರಿದವು. ಫಿರಂಗಿ ಗುಂಡುಗಳಿಗೆ ಜಾಗ ಸಾಲದೆ ಒಂದಷ್ಟನ್ನು ದಡದಲ್ಲೇ ಬಿಟ್ಟರು.

ಉತ್ತರ ಸಮುದ್ರದ ಮಂಜಿನಲ್ಲಿ ಮೇಲೆ ಇದ್ದಕ್ಕಿದ್ದಂತೆ ಫಿರಂಗಿಗಳು ಸಿಡಿದವು. ಜಪಾನಿನವರು ಸಿಕ್ಕಿದರು ಎಂದು ಒಲೆಯ ಕೋಣೆಗೆ ಸುದ್ದಿ ಇಳಿಯಿತು.

"ಜಪಾನು ಇಷ್ಟು ಹತ್ರಾನಾ?" ಎಂದ ಸಿಸೋಯ್, ಸಲಿಕೆ ನಿಲ್ಲಿಸಿ.

"ಅರ್ಧ ಭೂಮಿ ಸುತ್ತಬೇಕು ಕಣೋ."

"ಮತ್ತೆ ಗುಂಡು ತಿಂತಿರೋರು ಯಾರು?"

"ಯಾರೋ ಪಾಪದವರು," ಎಂದ ತೆರೆಂತಿ.

ಬೆಳಗಾದ ಮೇಲೆ ತಿಳಿಯಿತು. ಬಲೆ ಬೀಸಿ ಕುಳಿತಿದ್ದ ಇಂಗ್ಲಿಷ್ ಮೀನುಗಾರರಂತೆ. ಒಬ್ಬ ಎರಡೂ ಕೈಯಲ್ಲಿ ಮೀನು ಎತ್ತಿ ಹಿಡಿದು, ನಾವು ಮೀನಿನವರು ನೋಡಿ ಎಂದು ದೀಪದ ಬೆಳಕಿಗೆ ತೋರಿಸುತ್ತಿದ್ದನಂತೆ. ಆದರೂ ಗುಂಡು ನಿಲ್ಲಲಿಲ್ಲ. ಬಹುಪಾಲು ಗುಂಡುಗಳು ನೀರಿಗೆ ಬಿದ್ದವು, ಕೆಲವು ತಮ್ಮದೇ ಪಡೆಯ ಇನ್ನೊಂದು ಹಡಗಿಗೆ ಬಡಿದವು. ಗುರಿ ಅಷ್ಟು ಕೆಟ್ಟದಾಗಿದ್ದರಿಂದಲೇ ಆ ದೋಣಿಗಳವರಲ್ಲಿ ಹೆಚ್ಚಿನವರು ಮನೆ ಸೇರಿದರು. ಕ್ಯಾಪ್ಟನ್ ಲ್ಯಾಪೊಲೊವ್ ಮಾತ್ರ ಅಂದು ಫಿರಂಗಿಯವರಿಗೆ ಒಂದೊಂದು ಲೋಟ ವೋಡ್ಕಾ ಹೆಚ್ಚಿಗೆ ಕೊಡಿಸಿದ.

*

ಕ್ಯಾಪ್ಟನ್ ಬರಲಿಲ್ಲ. ಹಿಮ ಬೆರೆತ ಮಳೆ ಹನಿಯತೊಡಗಿತು. ಸ್ನಾನದ ಮನೆಯಲ್ಲಿ ಬಟ್ಟೆ ಒಗೆಯುವ ಉಲಿತಾ ಅಜ್ಜಿ ತನ್ನ ಶಾಲು ತೆಗೆದು ಹೆಣದ ಎದೆಯ ಮೇಲೆ ಹೊದಿಸಿದಳು.

"ದೋಣಿ ಬಂದು ಆಗಲೇ ಎಷ್ಟೊತ್ತಾಯ್ತು. ಎಲ್ಲಿ ಹಾಳಾಗಿ ಹೋದ?"

ದೋಣಿಕಟ್ಟೆಗೆ ಹೋಗಿದ್ದ ಗಂಟೆಯವನು ಮರಳಿ ಬಂದು ತಲೆ ಕೆರೆದುಕೊಂಡ. "ಆಚೆ ದಡದಲ್ಲಿ ಇಳಿದುಬಿಟ್ಟಿದ್ದಾರಂತೆ. ಇದೇ ಕಿನೇಶ್ಮಾ ಅಂದ್ಕೊಂಡ್ರಂತೆ. ಈಗ ಸಣ್ಣ ದೋಣೀಲಿ ದಾಟಿಸ್ತಿದಾರೆ."

ಅಂಗಳದಲ್ಲಿ ನಗೆಯನ್ನು ಅದುಮಿದ ಸದ್ದು ಹಬ್ಬಿತು.

"ಒಂದು ಹೊಳೆ ದಾಟೋಕೆ ಬರಲ್ಲ, ಇವನ ಕೈಗೆ ಹಡಗು ಕೊಟ್ಟಿದ್ರಲ್ಲ ನಮ್ಮಪ್ಪಾ!" ಎಂದಳು ಉಲಿತಾ ಅಜ್ಜಿ. "ಎತ್ರೋ, ಎತ್ತಿ. ಗೋರಿಗಾದ್ರೂ ದಾರಿ ಕೇಳ್ಕೊಂಡು ಬರಲಿ."

ಫೆಕ್ಲಾ ತಲೆಯಾಡಿಸಿದಳು. ಪೆಟ್ಟಿಗೆ ಮತ್ತೆ ಹೆಗಲೇರಿತು.

*

ಮಡಗಾಸ್ಕರಿನಲ್ಲಿ ಅವರನ್ನು ಸುಮ್ಮನೆ ನಿಲ್ಲಿಸಿದರು. ಜಪಾನಿನವರು ಮುತ್ತಿದ್ದ ಯಾವ ಕೋಟೆಯನ್ನು ಬಿಡಿಸಲು ಹೊರಟಿದ್ದರೋ ಅದು ಬಿದ್ದುಹೋಗಿತ್ತು. ಮುಂದೆ ಹೋಗಬೇಕೋ ಹಿಂದೆ ಬರಬೇಕೋ ಎಂದು ರಾಜಧಾನಿಯಲ್ಲಿ ಯೋಚಿಸುತ್ತಿದ್ದರು. ಮದ್ದುಗುಂಡು ತರಬೇಕಾಗಿದ್ದ ಸರಕು ಹಡಗು ಕೊನೆಗೂ ಬಂತು. ಪೆಟ್ಟಿಗೆ ಒಡೆದರೆ ಉಣ್ಣೆಯ ಕೋಟುಗಳು, ಚಳಿಗಾಲದ ಬೂಟುಗಳು. ಆ ಬಿಸಿಲಿಗೆ ಹಡಗಿನ ತಗಡು ಮುಟ್ಟಿದರೆ ಅಂಗೈ ಸುಲಿಯುತ್ತಿತ್ತು.

ಮುಂದೆ ಕಲ್ಲಿದ್ದಲು ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆಗೆ ಉಗ್ರಾಣ ತುಂಬಿದ ಮೇಲೂ ತುಂಬಿಸಿದರು. ಊಟದ ಮನೆಯಲ್ಲಿ, ಓಣಿಗಳಲ್ಲಿ, ಆಳುಗಳು ಮಲಗುವ ಜಾಗದಲ್ಲಿ ಕಲ್ಲಿದ್ದಲು. ಜನ ಅದರ ಮೇಲೆಯೇ ಉಂಡರು, ಅದರ ಮೇಲೆಯೇ ಮಲಗಿದರು, ಅದನ್ನೇ ಕೆಮ್ಮಿದರು. ತೆರೆಂತಿಯ ಕೆಮ್ಮು ಅಲ್ಲಿ ಹುಟ್ಟಿದ್ದು. ಒಲೆಯವರಲ್ಲಿ ಒಬ್ಬ, ರಿಯಾಜಾನ್ ಕಡೆಯ ಹುಡುಗಾಟದವನು, ಕಲ್ಲಿದ್ದಲಿನ ಬುಟ್ಟಿ ಹೊತ್ತಂತೆಯೇ ಕುಸಿದು ಸತ್ತ. ಅವನನ್ನು ಗೋಣಿಯಲ್ಲಿ ಹೊಲಿದು ಸಮುದ್ರಕ್ಕೆ ಬಿಟ್ಟಾಗ ಗೌರವಕ್ಕೆಂದು ಒಂದು ಫಿರಂಗಿ ಹಾರಿಸಿದರು. ಬರೀ ಮದ್ದು ಹಾಕಬೇಕಾದಲ್ಲಿ ಯಾರೋ ನಿಜವಾದ ಗುಂಡನ್ನೇ ತುಂಬಿದ್ದರು. ಅದು ಹೋಗಿ ಪಕ್ಕದ ಹಡಗಿನ ಅಡುಗೆಮನೆಗೆ ಹೊಡೆಯಿತು.

"ಇಷ್ಟು ದಿನದಲ್ಲಿ ಗುರಿ ಮುಟ್ಟಿದ್ದು ಇದೊಂದೇ," ಎಂದ ತೆರೆಂತಿ. ಸುತ್ತಲಿದ್ದವರು ನಕ್ಕರು. ಅವನು ನಗಲಿಲ್ಲ. ಸತ್ತವನ ಟೋಪಿ ಅವನ ಕೈಯಲ್ಲಿತ್ತು.

*

ಗೋರಿಯ ಬಳಿ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕ್ಯಾಪ್ಟನ್ ಬಂದ. ಎತ್ತರದ ಆಳು, ನೀಟಾಗಿ ಕತ್ತರಿಸಿದ ಬಿಳಿ ಗಡ್ಡ, ಮೊಣಕಾಲತನಕ ಕೆಸರು. ಬೆನ್ನಿಗೆ ಒಬ್ಬ ಪತ್ರಿಕೆಯವನು. ಇಬ್ಬರೂ ಮೊದಲು ಪಕ್ಕದ ವ್ಯಾಪಾರಿಯೊಬ್ಬನ ಹಳೆಯ ಗೋರಿಯ ಮುಂದೆ ಟೋಪಿ ತೆಗೆದು ನಿಂತರು. ಪಾದ್ರಿಗಳು ಕೆಮ್ಮಿ ಈ ಕಡೆ ಕರೆದರು.

ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು ಜನರನ್ನಲ್ಲ, ಪತ್ರಿಕೆಯವನನ್ನು ನೋಡುತ್ತ ಮಾತಾಡಿದ. "ಮಹನೀಯರೇ, ನನ್ನ ಹಡಗು ಶರಣಾಯಿತೆಂದು ನ್ಯಾಯಾಲಯ ನನ್ನ ಪದವಿ ಕಿತ್ತುಕೊಂಡಿತು. ನಾನು ಬಾಯಿ ಬಿಡಲಿಲ್ಲ. ಇಂದು, ಈ ಪವಿತ್ರ ನೆಲದಲ್ಲಿ, ಸತ್ಯ ಹೇಳಬೇಕಾಗಿದೆ. ಆ ದಿನ ಒಲೆಯವರು ಹೆದರಿ ಬೆಂಕಿ ಬಿಟ್ಟು ಮೇಲೆ ಓಡಿಬಂದರು. ಹಬೆಯಿಲ್ಲದ ಹಡಗು ಹೇಗೆ ಹೋರಾಡೀತು? ಅವರ ಮುಂದಾಳು ಇಲ್ಲಿ ಮಲಗಿದ್ದಾನೆ. ಬಡವ, ಓದಿಲ್ಲದವ, ಜೀವಭಯ ಸಹಜ. ತೆರೆಂತಿ! ನಿನ್ನ ಕ್ಯಾಪ್ಟನ್ ನಿನ್ನನ್ನು ಕ್ಷಮಿಸಿದ್ದಾನೆ!"

ಆಮೇಲೆ ಹಿಂದಿನ ಸಾಲಿನಿಂದ ಉಲಿತಾ ಅಜ್ಜಿಯ ದನಿ ಬಂತು. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

"ಬೆಂಕಿ ಬಿಟ್ಟು ಓಡಿದೋನಾ?" ಎಂದ ಯಾರೋ. "ನಮ್ ತೆರೆಂತೀನಾ? ಜ್ವರ ಬಂದು ಬಿದ್ದಿದ್ದಾಗಲೂ ಒಲೆ ಮುಂದೇನೇ ಹಾಸಿಗೆ ಹಾಕಿಸ್ಕೊಂಡಿದ್ನಲ್ಲೋ!"

"ಸುಳ್ಳು!" ಸಿಸೋಯ್ ಮುಂದೆ ನುಗ್ಗಿದ. "ನಾನೂ ಕೆಳಗಿದ್ದೆ. ಇವನ ಪಕ್ಕದಲ್ಲೇ ಇದ್ದೆ!"

"ನೀನು ಯಾರಯ್ಯಾ?" ಎಂದ ಕ್ಯಾಪ್ಟನ್.

"ನಿಮ್ ಹಡಗನ್ನ ಅರ್ಧ ಭೂಮಿ ಸುತ್ತಿಸಿದೋನು. ನಿಮಗೆಲ್ಲಿ ಗೊತ್ತಾಗ್ಬೇಕು, ನೀವು ಒಂದ್ಸಲನಾದ್ರೂ ಕೆಳಗಿಳಿದಿದ್ರಾ?"

*

ಯುದ್ಧ ಅನ್ನುವುದನ್ನು ತೆರೆಂತಿ ಕಣ್ಣಲ್ಲಿ ಕಾಣಲೇ ಇಲ್ಲ. ಒಂದು ಮಧ್ಯಾಹ್ನವಿಡೀ ತಲೆಯ ಮೇಲೆ ಕಬ್ಬಿಣ ಹರಿಯುವ ಸದ್ದು ಕೇಳುತ್ತ, ಹಡಗು ಒಂದು ಪಕ್ಕಕ್ಕೆ ವಾಲಿದಾಗ ವಾಲಿಕೊಂಡೇ ಕಲ್ಲಿದ್ದಲು ಎಸೆದ. ಮರುದಿನ ಬೆಳಗ್ಗೆಯೂ ಎಸೆಯುತ್ತಲೇ ಇದ್ದ. ಆಗ ಮೇಲಿನಿಂದ ಗಂಟೆ ಬಾರಿಸಿತು. ನಿಲ್ಲಿಸಿ ಎಂದು ಅದರರ್ಥ.

ಹಬೆ ತುಂಬಿ ಬಾಯ್ಲರುಗಳು ನಡುಗುತ್ತಿದ್ದವು. ಗಂಟೆ ತಪ್ಪಾಗಿ ಬಾರಿಸಿರಬೇಕೆಂದು ಅವರು ಮತ್ತೆ ಸಲಿಕೆ ಎತ್ತಿದರು. ಗಂಟೆ ಮತ್ತೆ ಬಾರಿಸಿತು. ಬೆಂಕಿ ತಗ್ಗಿಸಿ, ಏಣಿ ಹತ್ತಿ ಮೇಲೆ ಬಂದರೆ ಸುತ್ತ ಜಪಾನಿನ ಹಡಗುಗಳು. ಕಂಬದ ಮೇಲೆ, ಶರಣಾದೆವೆಂಬ ಬಿಳಿ ಬಾವುಟದ ಬದಲು, ಅಧಿಕಾರಿಗಳ ಊಟದ ಮೇಜಿನ ಬಟ್ಟೆ ಹಾರಾಡುತ್ತಿತ್ತು. ಅದರ ಮೇಲೆ ಕೆಂಪು ದ್ರಾಕ್ಷಾರಸದ ಕಲೆ. ಮೂಲೆಯಲ್ಲಿ ಕ್ಯಾಪ್ಟನ್ ಲ್ಯಾಪೊಲೊವ್ ಒಂದು ಮಡಚುಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ತೆರೆಂತಿ ತಂಪು ಗಾಳಿಯನ್ನು ಬಾಯಿ ತುಂಬ ಕುಡಿದ. ಆಮೇಲೆ ಸಿಸೋಯ್‌ನ ತೋಳು ಹಿಡಿದು, "ಬದುಕಿದ್ವಲ್ಲೋ," ಎಂದ.

*

ಕ್ಯಾಪ್ಟನ್ ಮತ್ತೇನೋ ಹೇಳಹೊರಟ. ಫೆಕ್ಲಾ ಕೈಯೆತ್ತಿ ಸಿಸೋಯ್‌ನನ್ನು ಹಿಂದಕ್ಕೆ ಸರಿಸಿ, ಕ್ಯಾಪ್ಟನ್‌ನ ಎದುರು ನಿಂತಳು.

"ದೊರೆ, ನನ್ನ ಗಂಡ ಪ್ರತಿ ಈಸ್ಟರಿಗೂ ನಿಮ್ಮ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚುತಿದ್ರು. ಗೊತ್ತಾ ನಿಮಗೆ?"

ಕ್ಯಾಪ್ಟನ್‌ನ ಮುಖ ಅರಳಿತು. "ನೋಡಿದಿರಾ!" ಎಂದು ಪತ್ರಿಕೆಯವನ ಕಡೆ ತಿರುಗಿದ. "ನಿಷ್ಠೆಯ ಆಳು..."

"ಪೂರ್ತಿ ಕೇಳಿ. ಯಾಕ್ರೀ ಆ ಮನುಷ್ಯನಿಗೆ ಬತ್ತಿ ಅಂತ ನಾನು ಕೇಳ್ದೆ. ಅದಕ್ಕೆ ಅವರಂದ್ರು, 'ಮೂರ್ಖ, ಸೋಮಾರಿ, ನಮ್ಮನ್ನ ಮನುಷ್ಯರು ಅಂತ ನೋಡಲಿಲ್ಲ. ಆದ್ರೆ ಆ ದಿನ ಮೇಜಿನ ಬಟ್ಟೆ ಏರಿಸಿದ. ಕೆಳಗಿದ್ದ ನೂರಾರು ಜನ ಮನೆಗೆ ಬಂದ್ವಿ. ಜನ್ಮದಲ್ಲಿ ಅವನು ಮಾಡಿದ ಒಳ್ಳೇ ಕೆಲಸ ಅದೊಂದೇ ಕಣೇ,' ಅಂತ."

ಯಾರೋ ಸಣ್ಣಗೆ ನಿಟ್ಟುಸಿರು ಬಿಟ್ಟರು.

"ಆ ಒಂದು ಒಳ್ಳೇ ಕೆಲಸಾನೂ ನಂದಲ್ಲ ಅಂತ ಹೆಣದ ತಲೆಗೆ ಕಟ್ಟೋಕೆ ಇಷ್ಟು ದೂರ ಬಂದ್ರಲ್ಲ ದೊರೆ," ಎಂದಳು ಫೆಕ್ಲಾ. ದನಿಯೇರಿಸಲಿಲ್ಲ. "ನಿಮ್ಮ ಕ್ಷಮೆ ನಿಮ್ಮ ಹತ್ರಾನೇ ಇರಲಿ. ಪೆಟ್ಟಿಗೆ ಮುಚ್ಚು ಸಿಸೋಯ್, ಮಳೆ ಜಾಸ್ತಿಯಾಗ್ತಿದೆ."

ಮುಚ್ಚಳಕ್ಕೆ ಮೊಳೆ ಹೊಡೆದರು. ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಕ್ಯಾಪ್ಟನ್ ಕೂಡ ಬಗ್ಗಿದ, ಕೈಗವಸು ತೆಗೆಯದೆಯೇ. ಮಣ್ಣು ಬೀಳುವ ಬದಲು ಕೈಗವಸಿಗೇ ಅಂಟಿಕೊಂಡಿತು. ಅವನು ಅದನ್ನು ಕೊಡವುತ್ತ, ಕೊಡವುತ್ತ ನಿಂತ. "ಅದನ್ನೆಲ್ಲ ಬರೆಯಬೇಡಿ," ಎಂದು ಪತ್ರಿಕೆಯವನಿಗೆ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ವಾಪಸು ಹೋಗುವ ಉಗಿದೋಣಿ ಸಂಜೆಗೇ ಇದ್ದದ್ದು. ಪಾದ್ರಿಗಳು ಮುಜುಗರದಿಂದ ಫೆಕ್ಲಾಳ ಮುಖ ನೋಡಿದರು.

"ಸಾವಿನೂಟಕ್ಕೆ ಯಾರನ್ನೂ ಬರಬೇಡಿ ಅನ್ನೋ ಹಾಗಿಲ್ಲ," ಎಂದಳು ಅವಳು. "ಬನ್ನಿ ದೊರೆ."

ಮನೆಯಲ್ಲಿ ನೆರೆಹೊರೆಯವರ ಮೇಜುಗಳನ್ನೆಲ್ಲ ಜೋಡಿಸಿ ಉದ್ದಕ್ಕೆ ಹಾಕಿದ್ದರು. ಜೇನು ಬೆರೆಸಿದ ಗೋಧಿ, ಉಪ್ಪು ಮೀನು, ಬಿಸಿ ಬಿಸಿ ಬ್ಲಿನಿ ದೋಸೆಗಳ ಅಟ್ಟಿ. ಫೆಕ್ಲಾ ಕ್ಯಾಪ್ಟನ್‌ನನ್ನು ದೇವರ ಪಟದ ಕೆಳಗೆ, ದೊಡ್ಡವರ ಜಾಗದಲ್ಲಿ ಕೂರಿಸಿದಳು. ಅವನು ಕೂತ. ಕರವಸ್ತ್ರ ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡ.

ಉಲಿತಾ ಅಜ್ಜಿ ಒಳಗೆ ಬಂದಳು. ಅವನನ್ನೊಮ್ಮೆ, ಮೇಜನ್ನೊಮ್ಮೆ ನೋಡಿ, ಎರಡು ಬ್ಲಿನಿ ಮಡಚಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದಳು. ಅವಳ ಹಿಂದಿದ್ದ ಸಿಸೋಯ್ ಒಂದು ಬಟ್ಟಲು ಗೋಧಿ ಎತ್ತಿಕೊಂಡ. ಆಮೇಲೆ ಹೆಗಲು ಕೊಟ್ಟವರು, ಅವರ ಹೆಂಗಸರು, ಗಂಟೆಯವನು, ಒಬ್ಬರ ಹಿಂದೊಬ್ಬರು ಬಂದು ತಟ್ಟೆ ತುಂಬಿಸಿಕೊಂಡು, ದೇವರ ಪಟಕ್ಕೆ ಶಿಲುಬೆಯ ಗುರುತು ಮಾಡಿ, ಹೊರನಡೆದರು. ಪಾದ್ರಿಗಳು ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ನಿಂತಿದ್ದು ಅವರೂ ತಿರುಗಿದರು. ಕೊನೆಗೆ ಪತ್ರಿಕೆಯವನು ಎದ್ದು, ಒಂದು ಮೀನಿನ ತುಂಡು ಹಿಡಿದು, ಕಣ್ಣು ತಪ್ಪಿಸಿಕೊಂಡು ಹೋದ.

ಹೊರಗೆ, ಹಿಮಮಳೆಯಲ್ಲಿ, ಊರು ಕೆಸರಿನಲ್ಲಿ ನಿಂತು ಉಣ್ಣುತ್ತಿತ್ತು. ಒಬ್ಬರ ತಟ್ಟೆಯ ಮೇಲೆ ಇನ್ನೊಬ್ಬರು ಅಂಗೈ ಮರೆಮಾಡಿ ಹಿಡಿದಿದ್ದರು. ಮಧ್ಯೆ ಯಾರೋ ತೆರೆಂತಿಯ ಮಾತು ತೆಗೆದು ನಗಿಸುತ್ತಿದ್ದರು.

ಫೆಕ್ಲಾ ಒಳಗೆ ಬಂದು, ಖಾಲಿ ಬೆಂಚುಗಳ ಉದ್ದಕ್ಕೂ ನಡೆದು, ಕ್ಯಾಪ್ಟನ್‌ನ ಲೋಟಕ್ಕೆ ಅಂಚಿನವರೆಗೂ ವೋಡ್ಕಾ ಸುರಿದಳು. ಒಂದು ಹನಿಯೂ ಚೆಲ್ಲಲಿಲ್ಲ. ಅವನ ತಟ್ಟೆಗೆ ಇನ್ನೊಂದು ಬ್ಲಿನಿ ಹಾಕಿದಳು. ಆಮೇಲೆ ತನ್ನ ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ, ಅವನಿಗೆ ಚಳಿಯಾಗದಿರಲೆಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.