ಇಶಾಡದ ರಸದಲ್ಲಿ ಅಕ್ಕಿಯ ಹರಳು

ಸೂಕ್ಷ್ಮದರ್ಶಕದ ಪರದೆಯ ಮೇಲೆ ಮೂಡಿದ್ದನ್ನು ವಿಜೇತಾ ಮತ್ತೆ ಮತ್ತೆ ನೋಡಿದಳು. ಇಶಾಡ ಮಾವಿನ ಜೀವಕೋಶಗಳೇನೋ ತುಂಬಿದ ಕೊಡಗಳಂತೆ ದುಂಡಗಿದ್ದವು. ಆದರೆ ನಡುನಡುವೆ ಮೂಲೆಮೂಲೆಯಾದ ಸಣ್ಣ ಹರಳುಗಳು. ಅಕ್ಕಿಹಿಟ್ಟಲ್ಲದೆ ಇನ್ನೇನು!

ಬೊಬ್ರುವಾಡದಲ್ಲಿರುವ ಅವಳ ಚಿಕ್ಕಮ್ಮ, ಗೋದಾವರಿ ಚಿಕ್ಕಿ, ತಾನು ಮಾರುವ ಮಾವಿನ ರಸಕ್ಕೆ ಹಿಟ್ಟು ಬೆರೆಸುತ್ತಾಳೆಂದು ಅಂಕೋಲೆಯ ಅಂಗಡಿಯವನೊಬ್ಬ ಊರೆಲ್ಲ ಸಾರಿದ್ದ. ಅವಳಿಂದ ಕೊಂಡು ತನ್ನಲ್ಲಿಟ್ಟಿದ್ದ ಒಂದು ಬಾಟಲಿಗೆ ಮೊಹರು ಹಾಕಿ ಕಾರವಾರದ ಈ ಪ್ರಯೋಗಾಲಯಕ್ಕೂ ಕಳಿಸಿದ್ದ. ಚಿಕ್ಕಿ ಬಿಟ್ಟಾಳೆಯೇ, ತಾನೂ ಒಂದು ಕಳಿಸಿದಳು. ಈಗ ಪರದೆಯ ಮೇಲಿದ್ದದ್ದು ಅವಳದೇ. ಮೂವತ್ತು ವರ್ಷ ರಸ ಕಾಯಿಸಿ ಗಳಿಸಿದ ಹೆಸರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಸಿಕ್ಕಿಬಿದ್ದಿತ್ತು.

ಮೇಲಧಿಕಾರಿ ತುಳಸಿದಾಸರು ಚಹಾಕ್ಕೆ ಹೋಗಿದ್ದರು. ಚಿತ್ರ ಅಳಿಸಲು ಒಂದು ಗುಂಡಿ ಸಾಕು. ಬೆರಳು ಅಲ್ಲಿವರೆಗೂ ಹೋಯಿತು, ನಾಚಿಕೆಯಾಗಿ ಹಿಂದೆಳೆದುಕೊಂಡಳು.

ಹೊತ್ತೂ ಇರಲಿಲ್ಲ. ಯಂತ್ರದೊಳಗಿನ ನೀರಾವಿ ತುಸು ಇಳಿದರೂ ಒದ್ದೆ ಕೋಶಗಳು ಸುಕ್ಕಾಗುತ್ತವೆ. ಮತ್ತೆ ಕಣ್ಣು ನೆಟ್ಟಳು. ಹರಳುಗಳ ಮೂಲೆಗಳು ಇನ್ನೂ ಚೂಪಾಗಿದ್ದವು. ರಸದ ಜೊತೆ ಕುದ್ದಿದ್ದರೆ ಉಬ್ಬಿ ಒಡೆಯಬೇಕಿತ್ತಲ್ಲ! ಹಾಗಾದರೆ ಇವು ಬಂದದ್ದು ಕುದಿಸಿದ ಮೇಲೆ.

ಕೂಡಲೇ ಫೋನ್ ಹಚ್ಚಿದಳು. "ಚಿಕ್ಕಿ, ರಸ ತುಂಬೂಕಿಂತ ಮುಂಚೆ ಬಾಟ್ಲಿಗೆ ಎಂತ ಮಾಡ್ದೆ?"

"ಎಂತ ಮಾಡೂದೆ? ತೊಳ್ದೆ. ದೊಡ್ಡ ಆಪೀಸಿಗೆ ಹೋಗೂದಲಾ ಅಂತ ಹೊಸ ಪಂಚೆಲಿ ಒಳಗೂ ಒರ್ಸದೆ. ಹಸಿ ಅಕ್ಕಿಹಿಟ್ಟು ನೀರಲ್ಲಿ ಕದಡಿ, ಪಂಚೆ ಅದ್ದಿ ಒಣಗ್ಸಿ ಖಡಕ್ ಮಾಡಿಟ್ಟದ್ದು."

"ಬಾಕಿ ಬಾಟ್ಲಿ?"

"ಅವ್ಕೆ ಅಷ್ಟೆಲ್ಲ ಯಾರ್ ಮಾಡ್ತರೆ! ಬಿಸ್ಲಲ್ಲಿ ಬೋರಲ ಹಾಕೂದು, ಅಷ್ಟೆ."

ಅಕ್ಕರೆಯಿಂದ ಒರೆಸಿದ ಆ ಒಂದೇ ಬಾಟಲಿ ಚಿಕ್ಕಿಯನ್ನು ಮುಳುಗಿಸುವುದರಲ್ಲಿತ್ತು. ತುಳಸಿದಾಸರು ಬಂದಾಗ ವಿಜೇತಾ ಎಲ್ಲವನ್ನೂ ಹೇಳಿದಳು, ತನ್ನ ಬೆರಳು ಅಳಿಸುವ ಗುಂಡಿಯವರೆಗೆ ಹೋಗಿದ್ದನ್ನೂ ಸಹ.

"ಚಿಕ್ಕಿ ಮಾತು ಸಾಕ್ಷಿ ಅಲ್ಲ. ಅಂಗ್ಡಿಯವನ ಬಾಟ್ಲಿ ಮೊಹರು ಒಡಿ," ಎಂದರು ಅವರು.

ಮೊಹರು ಒಡೆದು, ಹನಿ ರಸವನ್ನು ಯಂತ್ರಕ್ಕೆ ಕೊಟ್ಟು ಪರದೆ ನೋಡಿದಳು. ದುಂಡು ಕೋಶಗಳು. ಪಕ್ಕಕ್ಕೆ ಸರಿಸಿದರೂ ಕೋಶಗಳೇ. ಹತ್ತು ಕಡೆ ಹುಡುಕಿದರು, ಒಂದೇ ಒಂದು ಹರಳಿಲ್ಲ.

"ಎರಡೂ ಚಿತ್ರ ವರದಿಲಿ ಇರ್ಬೇಕು," ಎಂದು ತುಳಸಿದಾಸರು ಕನ್ನಡಕ ತೆಗೆದರು. "ಪಂಚೆ ಸುದ್ದಿನೂ ಬರಿ."

ವಿಜೇತಾ ಮತ್ತೆ ಫೋನ್ ಹಚ್ಚಿ ಚಿಕ್ಕಿಗೆ ಸುದ್ದಿ ಹೇಳಿದಳು. ಅತ್ತ ಚಿಕ್ಕಿ ಮೂಗು ಏರಿಸಿದ್ದು ಕೇಳಿಸಿತು. ಆಮೇಲೆ, "ನಾಳೆ ನಾನೇ ಬತ್ತೆ. ನಿಮ್ ಸಾಯ್ಬರಿಗೆ ಒಂದ್ ಬಾಟ್ಲಿ ರಸ ತತ್ತೆ," ಎಂದಳು.

ವಿಜೇತಾ ನಕ್ಕಳು. "ತಾ ಚಿಕ್ಕಿ. ಬಿಸ್ಲಲ್ಲಿ ಒಣಗ್ಸದ್ದೇ ತಾ."