ಮಗ್ಗುಲಲ್ಲಿ ಒಬ್ಬರಿಗೆ ಜಾಗ

ನಮ್ಮ ಪ್ರಕಾಶನ ಸಂಸ್ಥೆಯ ಹಿರಿಯ ಸಂಪಾದಕರು, ದಾರಿ ಎಷ್ಟೇ ಅಗಲವಾಗಿರಲಿ, ಎಡಗಡೆಯ ಗೋಡೆಗೆ ಒತ್ತಿಕೊಂಡೇ ನಡೆಯುತ್ತಿದ್ದರು, ಬಲಮಗ್ಗುಲಲ್ಲಿ ಇನ್ನೊಬ್ಬರು ಬರುತ್ತಿದ್ದಾರೇನೋ ಎಂಬಂತೆ. ಆ ಖಾಲಿ ಜಾಗಕ್ಕೆ ಯಾರಾದರೂ ನುಗ್ಗಿದರೆ ಅವರ ಹುಬ್ಬು ಗಂಟಾಗುತ್ತಿತ್ತು. ಮೊಣಕೈ ಸವೆದ ಬೂದುಬಣ್ಣದ ಕೋಟು, ಕಿವಿಯ ಮೇಲೊಂದು ಪೆನ್ಸಿಲು, ಯಾರು ಏನೇ ಹೇಳಲಿ 'ಇರಲಿ, ನೋಡೋಣ' ಎಂಬ ಒಂದೇ ಉತ್ತರ. ಹೀಗಾಗಿ ಬೆನ್ನ ಹಿಂದೆ ನಾವು ಅವರಿಗೆ 'ನೋಡೋಣ ಮೇಷ್ಟ್ರು' ಎಂದೇ ನಾಮಕರಣ ಮಾಡಿದ್ದೆವು. ಅವರು ನೋಡೋಣ ಎಂದರೆ ಆ ಕೆಲಸದ ಆಸೆ ಬಿಟ್ಟ ಹಾಗೇ ಸರಿ.

ಇಂಥವರು ಒಮ್ಮೆ ಮಾತ್ರ ಹಟ ಹಿಡಿದರು. ಮಕ್ಕಳಿಗಾಗಿ ಪಕ್ಷಿಗಳ ಬೃಹತ್ ಪುಸ್ತಕವೊಂದನ್ನು ಐದಾರು ಮಂದಿ ಕೂಡಿ ಬರೆಯಬೇಕಿತ್ತು. ಅದಕ್ಕೆ ಯಾವ ತಂತ್ರಾಂಶ ತರುವುದೆಂಬ ಚರ್ಚೆ ಎದ್ದಿತು. ಒಬ್ಬರು ಕಡತ ತೆರೆದರೆ ಉಳಿದವರಿಗೆ ಬೀಗ ಬೀಳುವಂಥದ್ದು ವ್ಯವಸ್ಥಾಪಕರಿಗೆ ಹಿಡಿಸಿತ್ತು. ಹತ್ತು ಕೈ ಆಡಿದರೆ ಬರಹ ಕುಲಗೆಟ್ಟು ಹೋಗುತ್ತದೆಂಬುದು ಅವರ ವಾದ. ನಮಗೋ, ಅವರವರು ಬರೆದು ಪಕ್ಕದಲ್ಲಿ ಟಿಪ್ಪಣಿ ಹಾಕುವಂಥದ್ದಿದ್ದರೆ ಸಾಕಿತ್ತು. ಮೇಷ್ಟ್ರು ಮಾತ್ರ ಮೂರನೆಯದಕ್ಕೇ ಅಂಟಿಕೊಂಡರು: ಎಲ್ಲರೂ ಏಕಕಾಲದಲ್ಲಿ ಒಂದೇ ಪುಟದಲ್ಲಿದ್ದು, ಒಬ್ಬೊಬ್ಬರ ಬಣ್ಣದ ಕರ್ಸರ್ ಎಲ್ಲಿ ನಿಂತಿದೆಯೆಂದು ಮಿಕ್ಕವರಿಗೆ ಕಾಣುವಂಥದ್ದು. ಕರ್ಸರ್ ಕಂಡು ಏನಾಗಬೇಕು, ತಪ್ಪಿದ್ದರೆ ಟಿಪ್ಪಣಿ ಬರೆದರಾಯಿತಲ್ಲ ಎಂದರು ವ್ಯವಸ್ಥಾಪಕರು.

"ಬರೆಯೋಕೆ ಆಗದವರು ಏನು ಮಾಡಬೇಕು?" ಎಂದು ಮೇಷ್ಟ್ರು ಕೇಳಿದರು.

ಆಗಲೇ ನಮಗೆ ಅವರ ಅಕ್ಕನ ವಿಷಯ ತಿಳಿದದ್ದು. ಹಿಂದೆ ಅಕ್ಕತಮ್ಮ ಒಂದೇ ಮೇಜಿಗೆ ಕೂತು ಪುಸ್ತಕ ಬರೆದವರಂತೆ. ತಮ್ಮ ಬರೆಯುವುದು, ಬಲಗಡೆ ಕೂತ ಅಕ್ಕ ಓದುತ್ತ ಹೋಗಿ, ಒಗ್ಗದ ಪದ ಬಂದಾಗ ತುಟಿ ಪಿಟಕ್ಕೆನ್ನದೆ ಅದರ ಮೇಲೊಂದು ಬೆರಳಿಡುವುದು. ಈಗ ಲಕ್ವ ಹೊಡೆದು ಆಕೆಯ ಮಾತು ನಿಂತಿತ್ತು. ದೂರದ ಊರಿನ ಮಗಳ ಮನೆಯಲ್ಲಿದ್ದ ಆಕೆಗೆ ಒಂದೇ ಒಂದು ಬೆರಳು ಸ್ವಾಧೀನದಲ್ಲಿತ್ತು. ಫೋನು ಮಾಡಿದರೆ ಬರೀ ಉಸಿರು ಕೇಳುತ್ತಿತ್ತಂತೆ.

"ಆ ಬೆರಳು ಎಲ್ಲಿ ನಿಲ್ಲುತ್ತೆ ಅಂತ ನನಗೆ ಕಾಣಬೇಕು," ಎಂದರು ಮೇಷ್ಟ್ರು. ವ್ಯವಸ್ಥಾಪಕರು ಆ ಮೂರನೆಯದನ್ನೇ ತರಿಸಿದರು.

ಅಂದಿನಿಂದ ಬೆಳಗಿನ ಹೊತ್ತು ಪುಟದಲ್ಲೊಂದು ಹಸಿರು ಕರ್ಸರ್ ತಡವರಿಸುತ್ತ ಬರತೊಡಗಿತು. ಮೊದಲ ದಿನವೇ ಅದು 'ಸುಂದರವಾದ ಕೊಕ್ಕರೆ' ಎಂಬಲ್ಲಿ ಬಂದು ಕಚ್ಚಿ ನಿಂತಿತು. ಮೇಷ್ಟ್ರು 'ಸುಂದರವಾದ' ಅಳಿಸಿದರು. ಅದು ಮುಂದೆ ಸರಿಯಿತು. ಈ ಪದ ಅವಳಿಗೆ ಎಂದೂ ಆಗಿಬರಲಿಲ್ಲ ಎಂದು ನಗುತ್ತ, ಕೋಟಿನ ತೋಳಿನಿಂದ ಕಣ್ಣೊರಸಿಕೊಂಡರು. ಆಕೆ ಬಾರದ ದಿನ ಅವರ ಬಾಯಲ್ಲಿ 'ನೋಡೋಣ' ಕೂಡ ಹೊರಡುತ್ತಿರಲಿಲ್ಲ.

ಒಂದು ದಿನ ಹಸಿರು ಕರ್ಸರ್ ಅಧ್ಯಾಯದ ಕೊನೆಯ ಸಾಲು ಮುಗಿದ ಮೇಲೂ ಹೋಗದೆ ಅಲ್ಲೇ ಮಿನುಗುತ್ತಿತ್ತು. ಮೇಷ್ಟ್ರು ಸಾಲನ್ನು ಮತ್ತೆ ಮತ್ತೆ ಓದಿದರು, ಒಂದು ಪದ ಬದಲಿಸಿದರು, ಮತ್ತೆ ಹಳೆಯದನ್ನೇ ಹಾಕಿದರು. ಅದು ಜಪ್ಪಯ್ಯ ಎಂದರೂ ಕದಲಲಿಲ್ಲ. ತಪ್ಪೇನಿದೆ ಎಂದು ನಾನು ಕೇಳಿದೆ.

"ತಪ್ಪೇನಿಲ್ಲಪ್ಪ," ಎಂದರು ಮೆಲ್ಲಗೆ. "ಸುಮ್ಮನೆ ಪಕ್ಕದಲ್ಲಿ ಕೂತಿದ್ದಾಳೆ."

ತಮ್ಮ ಕರ್ಸರನ್ನು ಅದರ ಎಡಕ್ಕೆ ತಂದು ನಿಲ್ಲಿಸಿ, ಕೀಲಿಮಣೆಯಿಂದ ಕೈ ತೆಗೆದರು.

ಜೊತೆಯಲ್ಲಿ ಬರೆದು ಬಾಳಿದವರ ಜಾತಿಯೇ ಇಂಥದ್ದು. ನಾವೆಲ್ಲ ನಮ್ಮ ಮಾತನ್ನು ಎಲ್ಲಿ ಯಾರು ತಿದ್ದಿಬಿಡುತ್ತಾರೋ ಎಂದು ಅಂಜುತ್ತೇವೆ. ಅವರು ತಿದ್ದುವ ಬೆರಳೊಂದು ಬರಲೆಂದು ಮಗ್ಗುಲಲ್ಲಿ ಜಾಗ ಬಿಟ್ಟುಕೊಂಡು ಜೀವಮಾನವಿಡೀ ನಡೆಯುತ್ತಾರೆ.